ತೋಟದ ಹಾದಿಯ ಹಳೆ ಪೆಟ್ರೋಲ್ ರಿಕ್ಷಾ: ಹ್ಯಾಂಡಲ್, ಕಾರ್ಬೊರೇಟರ್ ತೊಂದರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಬಂದಡ್ಕ ಕಡೆಯ ತೋಟಗಳಲ್ಲಿ ಪೇಟೆಯಲ್ಲಿ ಓಡಿ ಹಳತಾದ ರಿಕ್ಷಾಗಳು ಗೊಬ್ಬರ, ಸೊಪ್ಪು, ಅಡಿಕೆ ಗೋಣಿ ಹೊರುತ್ತಾ ಇನ್ನೂ ಹಲವು ವರ್ಷ ಬಾಳುತ್ತವೆ. ಡಾಮರು ರಸ್ತೆಗೆಂದು ಮಾಡಿದ ಗಾಡಿ ಮುರಕಲ್ಲಿನ ಗುಡ್ಡೆ ಹತ್ತುವಾಗ ಮೊದಲು ದೂರು ಹೇಳುವುದು ಹ್ಯಾಂಡಲ್ ಮತ್ತು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್. ಇಲ್ಲಿರುವ ಉತ್ತರಗಳು ಕಾರ್ಬೊರೇಟರ್ ಇರುವ ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಪೆಟ್ರೋಲ್ ಗಾಡಿಗಳಿಗೆ ಮಾತ್ರ. ಡೀಸೆಲ್ ಗಾಡಿಗೆ ಕಾರ್ಬೊರೇಟರೇ ಇಲ್ಲ. 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿಎಸ್ 6 ನಿಯಮ ಬಂದ ಮೇಲಿನ ಪೆಟ್ರೋಲ್ ರಿಕ್ಷಾಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಯುಯಲ್ ಇಂಜೆಕ್ಷನ್. ಗ್ಯಾಸ್ ಕಿಟ್ ಇದ್ದರೆ ಅದಕ್ಕೆ ಕೈ ಹಾಕಬೇಡಿ, ಅದರ ಕೆಲಸ ಗೊತ್ತಿದ್ದವರಿಗೇ ಬಿಡಿ.

ಪ್ರ: ಗಾಡಿ ಸರಿಯಾಗಿ ಓಡುತ್ತಿಲ್ಲ. ಮೊದಲು ಕಾರ್ಬೊರೇಟರ್ ಬಿಚ್ಚಬೇಕೇ?

ಬೇಡ. "ಕಾರ್ಬೊರೇಟರ್ ಹೋಗಿದೆ" ಎಂದು ವರ್ಕ್‌ಶಾಪಿಗೆ ಬರುವ ಗಾಡಿಗಳಲ್ಲಿ ಬಹಳಷ್ಟರ ತೊಂದರೆ ಕಾರ್ಬೊರೇಟರಿನ ಒಳಗಿರುವುದಿಲ್ಲ. ಒಂದೋ ಪೆಟ್ರೋಲ್ ಅಲ್ಲಿಯವರೆಗೆ ಬರುತ್ತಿಲ್ಲ, ಇಲ್ಲ ಗಾಳಿ ಬರುತ್ತಿಲ್ಲ, ಅದೂ ಅಲ್ಲವಾದರೆ ಪ್ಲಗ್ ಸತ್ತಿದೆ. ಹ್ಯಾಂಡಲಿನ ಕಥೆಯೂ ಹಾಗೇ: ಅರ್ಧಕ್ಕರ್ಧ ದೂರು ಟಯರಿನ ಗಾಳಿಯಲ್ಲೇ ಮುಗಿಯುತ್ತದೆ.

ಖರ್ಚಿಲ್ಲದ್ದನ್ನು ಮೊದಲು ನೋಡಿ. ಎಂಜಿನ್ನಿಗಾದರೆ ಟ್ಯಾಂಕಿನ ಪೆಟ್ರೋಲ್, ಮುಚ್ಚಳದ ಗಾಳಿ ತೂತು, ಕಾಕ್ (ಪೆಟ್ರೋಲ್ ನಲ್ಲಿ), ಪೈಪ್, ಏರ್ ಫಿಲ್ಟರ್, ಪ್ಲಗ್. ಇಷ್ಟಾದ ಮೇಲೆ ಕಾರ್ಬೊರೇಟರ್. ಹ್ಯಾಂಡಲಿಗಾದರೆ ಮೂರೂ ಟಯರಿನ ಗಾಳಿ, ಮಡ್‌ಗಾರ್ಡಿನೊಳಗಿನ ಮಣ್ಣು, ವೀಲ್ ಬೇರಿಂಗ್, ಲಿಂಕ್ (ಚಕ್ರವನ್ನು ಫೋರ್ಕಿಗೆ ಸೇರಿಸುವ ತೋಳು) ಬುಶ್. ಕೊನೆಗೆ ಬಾಲ್ ರೇಸ್, ಅಂದರೆ ಹ್ಯಾಂಡಲ್ ತಿರುಗುವ ಗುಂಡುಗಳ ಬೇರಿಂಗ್. ಕಾರಣ ಗೊತ್ತಾಗುವ ಮೊದಲೇ ಸ್ಕ್ರೂ ತಿರುಗಿಸಿದರೆ ಇದ್ದ ಸೆಟ್ಟಿಂಗೂ ಹೋಗಿ, ಒಂದಿದ್ದ ತೊಂದರೆ ಎರಡಾಗುತ್ತದೆ.

ಪ್ರ: ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಈ ಎರಡರಲ್ಲಿ ಏನನ್ನು ಪರೀಕ್ಷಿಸಬೇಕು?

ಬೆಳಿಗ್ಗೆ ಹೋಗಿ, ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಿಮಗಿಂತ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿರುವ ಎಂಜಿನ್ ಚೋಕ್ ಹಾಕಿದಾಗ ಹೇಗೆ ಹತ್ತುತ್ತದೆ, ಚೋಕ್ ತೆಗೆದ ಮೇಲೆ ಸ್ಲೋದಲ್ಲಿ (ಆಕ್ಸಿಲರೇಟರ್ ಕೊಡದಾಗ) ಆರದೆ ಓಡುತ್ತದೆಯೋ ಎಂಬುದು ಕಾರ್ಬೊರೇಟರಿನ ಅರ್ಧ ಜಾತಕ ಹೇಳುತ್ತದೆ. ಕಾರ್ಬೊರೇಟರಿನ ಸ್ಕ್ರೂಗಳ ತಲೆ ಸವೆದಿದ್ದರೆ ಅದಕ್ಕೆ ಹಲವು ಕೈ ಬಿದ್ದಿದೆ. ಅದರ ಕೆಳಗಿನ ಪೆಟ್ರೋಲ್ ಬಟ್ಟಲಾದ ಬೌಲಿನ ಸುತ್ತ ಕೆಂಪು ಧೂಳು ಒದ್ದೆಯಾಗಿ ಅಂಟಿದ್ದರೆ ಸೋರಿಕೆ ಇದೆ.

ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ಎರಡು ಬೆರಳಲ್ಲಿ ಈ ಕಡೆಯಿಂದ ಆ ಕಡೆಗೆ ನಿಧಾನ ತಿರುಗಿಸಿ. ನೇರ ಬಂದಾಗ ಗುಂಡಿಗೆ ಬಿದ್ದ ಹಾಗೆ ಸಿಕ್ಕಿಕೊಂಡರೆ ರೇಸ್ ಮುಗಿದಿದೆ. ಫೋರ್ಕಿನಲ್ಲಿ (ಮುಂದಿನ ಚಕ್ರವನ್ನು ಹೊರುವ ಭಾಗ) ಅಥವಾ ಹ್ಯಾಂಡಲಿನ ಕಾಲಂ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಸೇರುವಲ್ಲಿ ವೆಲ್ಡಿಂಗ್ ಕಲೆ, ಅಲ್ಲಿಗಷ್ಟೇ ಬಳಿದ ಹೊಸ ಪೇಂಟ್ ಕಂಡರೆ ಆ ಗಾಡಿ ಬಿಟ್ಟುಬಿಡಿ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಆಮೇಲೆ ಒಂದು ಹಗ್ಗ ಸಾಕು. ಹ್ಯಾಂಡಲ್ ನೇರ ಇಟ್ಟು ಮುಂದಿನ ಆಕ್ಸಲಿನ ಮಧ್ಯದಿಂದ ಹಿಂದಿನ ಎಡ ಹಬ್ಬಿನ ಮಧ್ಯಕ್ಕೆ, ಮತ್ತೆ ಬಲ ಹಬ್ಬಿನ ಮಧ್ಯಕ್ಕೆ ಅಳೆಯಿರಿ. ಎರಡೂ ಒಂದೇ ಇರಬೇಕು. ಎದ್ದು ಕಾಣುವ ವ್ಯತ್ಯಾಸವಿದ್ದರೆ ಫೋರ್ಕ್ ಬಾಗಿದೆ, ಇಲ್ಲ ಹಿಂದಿನ ಆರ್ಮ್ ಬುಶ್ ಸವೆದಿದೆ, ಇಲ್ಲ ಚಾಸಿಯೇ ತಿರುಚಿದೆ.

ಪ್ರ: ಹ್ಯಾಂಡಲ್ ನೇರ ಬಂದಾಗ ಸಿಕ್ಕಿಕೊಳ್ಳುತ್ತದೆ, ಅಲ್ಲಿಂದ ತಿರುಗಿಸಲು ಜೋರು ಹಾಕಬೇಕು. ಗ್ರೀಸ್ ಹಾಕಿದರೆ ಸಾಕಾ?

ಸಾಲದು. ಸ್ಟೀರಿಂಗ್ ಕಾಲಂ ಮೇಲೊಂದು, ಕೆಳಗೊಂದು ಬಾಲ್ ರೇಸ್ ಮೇಲೆ ತಿರುಗುತ್ತದೆ. ಗಾಡಿ ಹೆಚ್ಚು ಹೊತ್ತು ನೇರವೇ ಓಡುವುದರಿಂದ ಹೊಂಡಕ್ಕೆ ಬಿದ್ದಾಗಿನ ಪೆಟ್ಟೆಲ್ಲ ಗುಂಡುಗಳ ಮೂಲಕ ಅವು ಕೂರುವ ಕಪ್ (ಬಟ್ಟಲಿನಂಥ ಉಂಗುರ) ಮೇಲೆ ಅದೇ ಜಾಗಕ್ಕೆ ಬೀಳುತ್ತದೆ. ಕ್ರಮೇಣ ಅಲ್ಲಿ ಸಾಲಾಗಿ ಸಣ್ಣ ಕುಳಿಗಳಾಗುತ್ತವೆ. ಮೊದಲು ಹಾಳಾಗುವುದು ಕೆಳಗಿನ ರೇಸ್, ಏಕೆಂದರೆ ಭಾರವೂ ಅದರ ಮೇಲೆ, ಚಕ್ರ ಎರಚುವ ಕೆಸರುನೀರೂ ಅದಕ್ಕೇ. ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಕುಳಿ ಬಿದ್ದ ಕಪ್ಪಿಗೆ ಗ್ರೀಸ್ ತುಂಬಿದರೆ ಸದ್ದು ನಿಲ್ಲಬಹುದು, ಸಿಕ್ಕಿಕೊಳ್ಳುವುದು ನಿಲ್ಲದು.

ಪ್ರ: ಬಾಲ್ ರೇಸ್ ಬದಲಿಸುವ ಕ್ರಮ ಹೇಗೆ?

ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಚಾಸಿಯ ಗಟ್ಟಿ ಜಾಗಕ್ಕೆ ಜಾಕ್ ಕೊಟ್ಟು ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ.

ಚಕ್ರ ತೆಗೆಯುವಾಗ ಇನ್ನೊಂದು ಎಚ್ಚರ: ರಿಕ್ಷಾದ ಡಿಸ್ಕ್ (ಟಯರ್ ಕೂರುವ ಚಕ್ರದ ಲೋಹದ ಭಾಗ) ಎರಡು ಹೋಳಾಗಿ ಬೋಲ್ಟಿನಲ್ಲಿ ಸೇರಿರುತ್ತದೆ. ಹಬ್ಬಿಗೆ ಹಿಡಿಸಿದ ನಟ್ ಬೇರೆ, ಎರಡು ಹೋಳನ್ನು ಹಿಡಿದಿರುವ ನಟ್ ಬೇರೆ. ಗಾಳಿ ಇರುವಾಗ ಎರಡನೆಯದನ್ನು ಸಡಿಲಿಸಿದರೆ ಡಿಸ್ಕ್ ಸಿಡಿದು ಮುಖಕ್ಕೆ ಬಡಿಯುತ್ತದೆ. ಅದನ್ನು ಬಿಚ್ಚಲೇಬೇಕಾದರೆ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ.

ಬ್ರೇಕ್ ಪೈಪ್ ಮತ್ತು ಕೇಬಲ್‌ಗಳು ಹೋದ ದಾರಿಯ ಫೋಟೊ ತೆಗೆದಿಟ್ಟು ಹ್ಯಾಂಡಲ್ ಬೇರೆ ಮಾಡಿ. ಲಾಕ್ ನಟ್, ರಿಂಗ್ ನಟ್ ಬಿಚ್ಚುವಾಗ ಒಬ್ಬರು ಕೆಳಗಿನಿಂದ ಫೋರ್ಕ್ ಹಿಡಿದಿರಲಿ, ಗುಂಡುಗಳು ಉದುರುತ್ತವೆ. ಕೆಳಗೆ ಬಟ್ಟೆ ಹಾಸಿ, ಮೇಲಿನದೆಷ್ಟು ಕೆಳಗಿನದೆಷ್ಟು ಎಂದು ಬೇರೆ ಬೇರೆ ಎಣಿಸಿ ಬರೆದಿಡಿ. ಹಳೆ ಕಪ್ಪನ್ನು ಒಳಗಿನಿಂದ ಸುತ್ತಲೂ ಸಮನಾಗಿ ಬಡಿದು ಹೊರಹಾಕಿ. ಹೊಸ ಕಪ್ಪನ್ನು ಅಳತೆಗೆ ತಕ್ಕ ಪೈಪಿನ ತುಂಡಿಟ್ಟು ನೇರವಾಗಿ ಕೂರಿಸಿ, ಸುತ್ತಿಗೆಯಿಂದ ನೇರ ಬಡಿದರೆ ಅಂಚು ಒಡೆಯುತ್ತದೆ. ಕಪ್, ಕೋನ್, ಗುಂಡು ಮೂರೂ ಒಟ್ಟಿಗೆ ಹೊಸತಾಗಲಿ. ಹಳೆ ಗುಂಡಿನ ಜೊತೆ ಹೊಸದನ್ನು ಬೆರೆಸಿದರೆ ಭಾರವೆಲ್ಲ ಹೊಸದರ ಮೇಲೆ ಬಿದ್ದು ಮತ್ತೆ ಕುಳಿ ಬೀಳುತ್ತದೆ.

ಲಿಥಿಯಂ ಗ್ರೀಸನ್ನು ಧಾರಾಳ ತುಂಬಿ, ಗುಂಡುಗಳನ್ನು ಅದರಲ್ಲೇ ಅಂಟಿಸಿ ಜೋಡಿಸಿ. ಬಿಗಿ ಮಾಡುವುದರಲ್ಲೇ ಕೈಚಳಕ ಇರುವುದು. ರಿಂಗ್ ನಟ್ಟನ್ನು ಸ್ವಲ್ಪ ಗಟ್ಟಿಯಾಗುವವರೆಗೆ ತಿರುಗಿಸಿ ಹ್ಯಾಂಡಲನ್ನು ಕೆಲವು ಸಲ ಆಚೀಚೆ ಆಡಿಸಿ ಗುಂಡು ಕೂರಿಸಿ, ಬಳಿಕ ಸುಮಾರು ಎಂಟನೇ ಒಂದು ಸುತ್ತು ಹಿಂದೆ ಬಿಟ್ಟು ಲಾಕ್ ನಟ್ ಬಿಗಿಯಿರಿ. ಲಾಕ್ ನಟ್ ಬಿಗಿಯುವಾಗ ರಿಂಗ್ ನಟ್ಟೂ ಜೊತೆಗೆ ತಿರುಗುತ್ತದೆ, ಆದ್ದರಿಂದ ಕೊನೆಗೆ ಇನ್ನೊಮ್ಮೆ ಪರೀಕ್ಷಿಸಲೇಬೇಕು. ಎತ್ತಿದ ಚಕ್ರವನ್ನು ಕೆಳಗೆ ಹಿಡಿದು ಹಿಂದೆ ಮುಂದೆ ಎಳೆದರೆ ಕಟಕಟ ಎನ್ನಬಾರದು, ಹ್ಯಾಂಡಲ್ ಬೆರಳಿನ ತಳ್ಳುಗೆಗೆ ಎರಡೂ ಬದಿಗೆ ಹೋಗಬೇಕು. 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಪ್ರ: ವೇಗ ಹೆಚ್ಚಿದಾಗ ಮುಂದಿನ ಚಕ್ರ ನಡುಗುತ್ತದೆ.

ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಟಯರಿನ ಪಕ್ಕ ಒಂದು ಕಡ್ಡಿ ಹಿಡಿದರೆ ಚಕ್ರ ಓಲಾಡುವುದು ಕಾಣುತ್ತದೆ. ಓಲಾಡಿದರೆ ಡಿಸ್ಕಿನ ಹೋಳುಗಳ ನಡುವೆ ಮಣ್ಣು ಅಥವಾ ತುಕ್ಕು ಕೂತಿದೆ, ಇಲ್ಲ ಡಿಸ್ಕ್ ಬಾಗಿದೆ. ಓಲಾಡದಿದ್ದರೆ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿ. ಆಟ ಹಬ್ಬಿನಲ್ಲೇ ಇದ್ದರೆ ವೀಲ್ ಬೇರಿಂಗ್, ಲಿಂಕ್ ಫೋರ್ಕಿಗೆ ಸೇರುವಲ್ಲಿದ್ದರೆ ಲಿಂಕಿನ ಬುಶ್ ಅಥವಾ ಬೇರಿಂಗ್, ಮೇಲೆ ಕಾಲಂ ಬುಡದಲ್ಲಿದ್ದರೆ ಬಾಲ್ ರೇಸ್. ಯಾವ ಕೀಲು ಆಡುತ್ತಿದೆ ಎಂದು ತಿಳಿಯಲು ಇನ್ನೊಬ್ಬರು ಆ ಸಂದಿಗೆ ಬೆರಳಿಟ್ಟು ನೋಡಲಿ, ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಸತ್ತಿದ್ದರೂ ಹೊಂಡ ದಾಟಿದ ಮೇಲೆ ಚಕ್ರ ಕುಣಿಯುತ್ತದೆ.

ಪ್ರ: ಹ್ಯಾಂಡಲ್ ತುಂಬ ಭಾರ. ರೇಸ್ ಹೊಸತು.

ಮುಂದಿನ ಟಯರಿನ ಗಾಳಿ ನೋಡಿ, ಗಾಡಿಯ ಸ್ಟಿಕರಿನಲ್ಲಿ ಹೇಳಿದಷ್ಟು ಇರಲಿ. ಮಳೆಗಾಲವಾದರೆ ಮಡ್‌ಗಾರ್ಡಿನೊಳಗೆ ಕೈ ಹಾಕಿ. ಜಿಗುಟು ಕೆಂಪು ಮಣ್ಣು ಅಲ್ಲಿ ಹೆಪ್ಪುಗಟ್ಟಿ ಟಯರಿಗೆ ಉಜ್ಜುತ್ತಿರುತ್ತದೆ. ಎರಡೂ ಸರಿಯಿದ್ದರೆ ರೇಸ್ ಹೆಚ್ಚು ಬಿಗಿಯಾಗಿದೆ.

ಪ್ರ: ಗಾಡಿ ಒಂದೇ ಬದಿಗೆ ಎಳೆಯುತ್ತದೆ.

ಹೆಚ್ಚಾಗಿ ಕಾರಣ ಹಿಂದೆ ಇರುತ್ತದೆ. ಎರಡು ಹಿಂದಿನ ಟಯರಿನ ಗಾಳಿ ಒಂದೇ ಇರಲಿ, ಒಂದು ಹೊಸ ಟಯರ್ ಇನ್ನೊಂದು ಬೋಳು ಆಗಬಾರದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಎರಡೂ ಡ್ರಮ್ಮಿನ ಹತ್ತಿರ ಕೈ ಒಯ್ಯಿರಿ, ತಾಗಿಸಬೇಡಿ. ಒಂದು ಹೆಚ್ಚು ಬಿಸಿ ಇದ್ದರೆ ಆ ಬದಿಯ ಬ್ರೇಕ್ ಬಿಡುತ್ತಿಲ್ಲ, ಗಾಡಿ ಎಳೆಯುವುದೂ ಅದೇ ಬದಿಗೆ. ವೀಲ್ ಸಿಲಿಂಡರ್ ತುಕ್ಕು ಹಿಡಿದಿರಬಹುದು, ಸ್ಪ್ರಿಂಗ್ ತುಂಡಾಗಿರಬಹುದು. ಬ್ರೇಕ್ ಹಿಡಿದಾಗ ಮಾತ್ರ ಎಳೆದರೆ ಅಡ್ಜಸ್ಟ್‌ಮೆಂಟ್ ಹೆಚ್ಚುಕಮ್ಮಿ ಆಗಿದೆ, ಅಥವಾ ಒಂದು ಬದಿಯ ಲೈನರಿಗೆ ಎಣ್ಣೆ ತಾಗಿದೆ. ಇದಾವುದೂ ಅಲ್ಲವಾದರೆ ಮೇಲೆ ಹೇಳಿದ ಹಗ್ಗದ ಅಳತೆ.

ಪ್ರ: ಗುಡ್ಡೆ ಹತ್ತುವಾಗ ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಇಳಿಯುವಾಗ ಮಗುಚುವ ಭಯ.

ಇದು ರಿಪೇರಿಯ ವಿಷಯವಲ್ಲ, ಹೇರಿನ ವಿಷಯ. ಹಿಂದಿನ ಆಕ್ಸಲಿಗಿಂತ ಹಿಂದೆ ಭಾರ ಹೇರಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ನೆಲ ಹಿಡಿಯುವುದಿಲ್ಲ. ಗೋಣಿಗಳನ್ನು ತಳದಲ್ಲೇ, ಆಕ್ಸಲಿನ ನೇರಕ್ಕೂ ಅದರಿಂದ ತುಸು ಮುಂದಕ್ಕೂ ಬರುವ ಹಾಗೆ ಹೇರಿ, ಹಗ್ಗ ಬಿಗಿಯಿರಿ. ತಿರುವಿನಲ್ಲಿ ಜಾರುವ ಹೇರು ಬಲು ಅಪಾಯ.

ಇಳಿಜಾರಿನಲ್ಲಿ ಲೆಕ್ಕ ತಿರುವುಮುರುವು. ಮೂರು ಚಕ್ರ ಸೇರಿ ಒಂದು ತ್ರಿಕೋನ, ಮುಂದೆ ಅದರ ಚೂಪು ಮೂಲೆ. ಇಳಿಯುತ್ತಾ, ತಿರುಗುತ್ತಾ, ಬ್ರೇಕ್ ಒತ್ತಿದರೆ ಭಾರವೆಲ್ಲ ಆ ಚೂಪಿನ ಕಡೆ ಓಡಿ ತ್ರಿಕೋನದ ಹೊರಗೆ ಬೀಳುತ್ತದೆ, ಒಳಬದಿಯ ಹಿಂದಿನ ಚಕ್ರ ಏಳುತ್ತದೆ. ಅದಕ್ಕೇ ಬ್ರೇಕನ್ನು ತಿರುವಿಗೆ ಮೊದಲೇ, ನೇರ ಇರುವಾಗಲೇ ಮುಗಿಸಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ಬೇಡವೇ ಬೇಡ. ದಪ್ಪ ಬಲೂನು ಟಯರಿನ ಮೂರು ಚಕ್ರದ ಗಾಡಿಗಳನ್ನು ಹೋಂಡಾ 1970ರಲ್ಲಿ ಅಮೆರಿಕದಲ್ಲಿ ಮಾರಲು ತೊಡಗಿತ್ತು. ಕಚ್ಚಾ ಹಾದಿಗೆಂದೇ ಮಾಡಿದ ಅಂಥ ಗಾಡಿಗಳೂ ಮಗುಚಿ ಅಪಘಾತಗಳು ಹೆಚ್ಚಿ, 1988ರಲ್ಲಿ ಕಂಪನಿಗಳು ಸರಕಾರದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಅಲ್ಲಿ ಹೊಸ ಮೂರು ಚಕ್ರದವುಗಳ ಮಾರಾಟ ನಿಂತಿತು.

ಪ್ರ: ಹ್ಯಾಂಡಲ್ ಒಂದು ಬದಿಗೆ ತಿರುಗಿಸಿದಾಗ ಎಂಜಿನ್ ತಾನಾಗಿ ಜೋರಾಗುತ್ತದೆ. ಇದು ಹ್ಯಾಂಡಲಿನ ತೊಂದರೆಯೋ, ಕಾರ್ಬೊರೇಟರಿನದೋ?

ಎರಡೂ ಅಲ್ಲ, ಆಕ್ಸಿಲರೇಟರ್ ಕೇಬಲಿನದು. ಕೇಬಲ್ ಎಲ್ಲೋ ಬಿಗಿಯಾಗಿ ಹೋಗಿದೆ, ಹ್ಯಾಂಡಲ್ ತಿರುಗಿದಾಗ ಅದು ಎಳೆದು ಥ್ರಾಟಲ್ ತೆರೆಯುತ್ತಿದೆ. ಬಾಲ್ ರೇಸ್ ಬದಲಿಸಿದ ಮೇಲೆ ಕೇಬಲನ್ನು ಬೇರೆ ದಾರಿಯಲ್ಲಿ ಹಾಯಿಸಿದಾಗ ಹೀಗಾಗುವುದು ಹೆಚ್ಚು. ಹ್ಯಾಂಡಲನ್ನು ಎರಡೂ ಕೊನೆಯವರೆಗೆ ತಿರುಗಿಸಿ ಎಲ್ಲಿ ಬಿಗಿಯಾಗುತ್ತದೆ ನೋಡಿ ದಾರಿ ಸರಿಮಾಡಿ. ಕೇಬಲಿನಲ್ಲಿ 2–3 ಮಿ.ಮೀ. ಸಡಿಲ ಇರಲಿ. ಒಳತಂತಿಯ ಎಳೆ ಬಿಟ್ಟಿದ್ದರೆ ಎಣ್ಣೆ ಬಿಟ್ಟು ನೂಕಬೇಡಿ, ಕೇಬಲ್ ಬದಲಿಸಿ. ಥ್ರಾಟಲ್ ತೆರೆದಲ್ಲೇ ಸಿಕ್ಕಿಕೊಂಡರೆ ತೋಟದ ಕಿರುದಾರಿಯಲ್ಲಿ ಬದುಕುವುದು ಕಷ್ಟ.

ಪ್ರ: ಸಮತಟ್ಟಿನಲ್ಲಿ ಚೆನ್ನಾಗಿ ಓಡುತ್ತದೆ, ಏರಿನಲ್ಲಿ ಅರ್ಧಕ್ಕೆ ಬಂದಾಗ ಉಸಿರು ಕಟ್ಟಿ ನಿಲ್ಲುತ್ತದೆ.

ನಿಂತ ಕೂಡಲೇ, ಎಂಜಿನ್ ಆಫ್ ಇರುವಾಗ, ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳನುಗ್ಗುವ ಸದ್ದು ಕೇಳಿ, ಆಮೇಲೆ ಗಾಡಿ ಚೆನ್ನಾಗಿ ಹತ್ತಿದರೆ ಮುಚ್ಚಳದ ತೂತು ಧೂಳಿನಿಂದ ಮುಚ್ಚಿದೆ. ತೊಳೆದು ಗಾಳಿ ಊದಿದರೆ ಮುಗಿಯಿತು.

ಹಾಗಲ್ಲವಾದರೆ ಎಂಜಿನ್ ತಣಿದ ಮೇಲೆ ಕಾರ್ಬೊರೇಟರಿಗೆ ಹೋಗುವ ಪೈಪ್ ಕಳಚಿ ಬಾಟಲಿಗೆ ಬಿಡಿ. ಧಾರೆ ಕಡಿಯದೆ ಬರಬೇಕು. ತೊಟ್ಟಿಕ್ಕಿದರೆ ಟ್ಯಾಂಕಿನೊಳಗಿನ ಜಾಲರಿ, ಕಾಕ್, ಪೈಪ್ ಇವುಗಳಲ್ಲಿ ಎಲ್ಲೋ ಕಟ್ಟಿದೆ. ಹಳೆ ರಬ್ಬರ್ ಪೈಪ್ ಹೊರಗೆ ಸರಿಯಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ ಕಡಿದಾದ ಏರಿನಲ್ಲಿ ಅದು ಕಾಕ್ ಇರುವ ಮೂಲೆ ಬಿಟ್ಟು ಸರಿಯುವುದೂ ಉಂಟು. ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಮತ್ತು ಫ್ಲೋಟ್ (ಬೌಲಿನ ಪೆಟ್ರೋಲ್ ಮಟ್ಟ ಕಾಯುವ ತೇಲುಗುಂಡು) ಎತ್ತರದತ್ತ ಹೋಗಿ.

ಏರಿನಲ್ಲಿ ಕಪ್ಪು ಹೊಗೆ ಬಿಡುತ್ತಾ ಸೋತರೆ ಅದು ತದ್ವಿರುದ್ಧ, ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ತೆಗೆದು ನೋಡಿ.

ಪ್ರ: ಏರ್ ಫಿಲ್ಟರ್ ಎಷ್ಟು ದಿನಕ್ಕೆ ತೊಳೆಯಬೇಕು?

ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಮಣ್ಣು ರಸ್ತೆಯಲ್ಲಿ ದಿನಾ ಓಡುವ ಗಾಡಿಗೆ ವಾರಕ್ಕೊಮ್ಮೆ ನೋಡಿ. ಸ್ಪಂಜಿನದಾದರೆ ಸೋಪು ನೀರಿನಲ್ಲಿ ಹಿಂಡಿ, ನೆರಳಲ್ಲಿ ಒಣಗಿಸಿ, ಎಂಜಿನ್ ಆಯಿಲ್ ಸವರಿ ಚೆನ್ನಾಗಿ ಹಿಂಡಿ ಹಾಕಿ. ಪೆಟ್ರೋಲಿನಲ್ಲಿ ತೊಳೆದರೆ ಅಂಟು ಬಿಡುತ್ತದೆ. ಕಾಗದದ್ದಾದರೆ ಕೊಡವಿ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಿ. ಒದ್ದೆಯಾದ ಕಾಗದದ ಫಿಲ್ಟರನ್ನು ಬದಲಿಸಬೇಕು. ಫಿಲ್ಟರ್ ತೆಗೆದೇ ಓಡಿಸುವವರಿದ್ದಾರೆ, "ಪಿಕಪ್ ಬರುತ್ತದೆ" ಎಂದು. ಮುರಕಲ್ಲಿನ ಧೂಳು ಒಳಹೊಕ್ಕು ಪಿಸ್ಟನ್ ರಿಂಗ್ ಮತ್ತು ಬೋರ್ ತಿಂದು ಹಾಕುತ್ತದೆ.

ಪ್ರ: ಕಾರ್ಬೊರೇಟರ್ ತೊಳೆಯುವ ಸರಿಯಾದ ಕ್ರಮ ಯಾವುದು?

ಹೊರಗೆ, ಗಾಳಿ ಆಡುವಲ್ಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟುತ್ತದೆ. ಕಾಕ್ ಮುಚ್ಚಿ, ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಬೌಲಿನಲ್ಲಿದ್ದುದನ್ನು ಗಾಜಿನ ಬಾಟಲಿಗೆ ಬಿಟ್ಟು ಹತ್ತು ನಿಮಿಷ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ನೀರು ಸೇರಿದೆ, ಕೆಂಪು ಪುಡಿ ನಿಂತರೆ ಟ್ಯಾಂಕ್ ತುಕ್ಕು ಹಿಡಿದಿದೆ. ಹಾಗಿದ್ದರೆ ಟ್ಯಾಂಕ್ ತೊಳೆಯದೆ ಕಾರ್ಬೊರೇಟರ್ ತೊಳೆದು ಪ್ರಯೋಜನವಿಲ್ಲ.

ಕಾರ್ಬೊರೇಟರ್ ಕಳಚುವ ಮೊದಲು ಹೊರಭಾಗ ಒರೆಸಿ. ಸ್ಲೋದಲ್ಲಿ ಪೆಟ್ರೋಲ್, ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂತಿತು ಎಂದು ಬರೆದಿಟ್ಟು ಆಮೇಲೆ ತೆಗೆಯಿರಿ. ಅದರ ತುದಿಯ ಸ್ಪ್ರಿಂಗ್, ವಾಷರ್, ಓ ರಿಂಗ್ ಕಳೆಯಬೇಡಿ. ಥ್ರಾಟಲಿಗೆ ತೂಗುವ ನೀಡಲಿನ ಕ್ಲಿಪ್ ಮೇಲಿನಿಂದ ಎಷ್ಟನೇ ಗೆರೆಯಲ್ಲಿದೆ ನೋಡಿಕೊಳ್ಳಿ. ಜೆಟ್ಟಿಗೆ ಅಳತೆಗೆ ಸರಿಯಾದ ಸ್ಕ್ರೂ ಡ್ರೈವರ್ ಬೇಕು, ಹಿತ್ತಾಳೆ ಮೆದು, ತಲೆ ಹಾರುತ್ತದೆ.

ತೂತಿಗೆ ಸ್ಟೀಲ್ ತಂತಿ, ಸೂಜಿ ಹಾಕಬೇಡಿ. ಒಂದು ಗೀರು ಬಿದ್ದರೂ ತೂತು ದೊಡ್ಡದಾಗಿ ಗಾಡಿ ಶಾಶ್ವತವಾಗಿ ಪೆಟ್ರೋಲ್ ಕುಡಿಯುತ್ತದೆ. ಕಾರ್ಬೊರೇಟರ್ ಕ್ಲೀನರ್ ಹೊಡೆದು, ನೆನೆಯಲು ಬಿಟ್ಟು, ಗಾಳಿ ಊದಿ. ಹಠ ಹಿಡಿದರೆ ಗಾಳದ ನೈಲಾನ್ ದಾರ. ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತು ಪೂರ್ತಿ ದುಂಡಗೆ ಕಾಣಬೇಕು. ಸ್ಲೋದಲ್ಲಿ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಅತಿ ಸಣ್ಣದು, ಮೊದಲು ಕಟ್ಟುವುದೂ ಅದೇ. ಸ್ಲೋದಲ್ಲಿ ಆರಿಹೋಗಿ, ಚೋಕ್ ಹಾಕಿದರೆ ಮಾತ್ರ ಓಡುವ ಗಾಡಿಯಲ್ಲಿ ಅಪರಾಧಿ ಬಹುಮಟ್ಟಿಗೆ ಅದೇ. ಕ್ಲೀನರ್ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ, ರಬ್ಬರ್ ಡಯಾಫ್ರಾಮಿಗೆ ಅದನ್ನು ತಾಗಿಸಬೇಡಿ. ಕುಂಬಳೆ, ಉಪ್ಪಳದಂಥ ಕಡಲ ಬದಿಯ ಊರಿನ ಗಾಡಿಯಾದರೆ ಬೌಲಿನೊಳಗೆ ಬಿಳಿ ಪುಡಿ ಕಟ್ಟಿರುತ್ತದೆ. ಮೆದು ಬ್ರಷ್ಷಿನಿಂದ ತೆಗೆಯಿರಿ, ಸ್ಯಾಂಡ್ ಪೇಪರ್ ಬೇಡ.

ಪ್ರ: ತೊಳೆದ ಮೇಲೆ ಟ್ಯೂನಿಂಗ್ ಹೇಗೆ?

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಬರೆದಿಟ್ಟ ಸುತ್ತು ಇಲ್ಲವಾದರೆ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಕೂರಿಸಿ ಒಂದೂವರೆ ಸುತ್ತು ಹೊರಕ್ಕೆ ಬಿಟ್ಟು ಶುರುಮಾಡಿ. ಸ್ಕ್ರೂ ಎಂಜಿನ್ ಬದಿಗಿದ್ದರೆ ಅದು ಪೆಟ್ರೋಲಿನದು, ಹೊರಕ್ಕೆ ಬಂದಷ್ಟೂ ಪೆಟ್ರೋಲ್ ಜಾಸ್ತಿ. ಏರ್ ಫಿಲ್ಟರ್ ಬದಿಗಿದ್ದರೆ ಗಾಳಿಯದು, ಹೊರಕ್ಕೆ ಬಂದಷ್ಟೂ ಪೆಟ್ರೋಲ್ ಕಮ್ಮಿ. ಇದನ್ನು ಅದಲುಬದಲು ಮಾಡಿಕೊಂಡು ಗಂಟೆಗಟ್ಟಲೆ ಒದ್ದಾಡುವವರು ಕಡಿಮೆ ಇಲ್ಲ. ಕಾಲು ಕಾಲು ಸುತ್ತು ತಿರುಗಿಸುತ್ತಾ ಎಂಜಿನ್ ಅತಿ ಜೋರಾಗಿ, ಸಮವಾಗಿ ಓಡುವ ಜಾಗ ಹುಡುಕಿ, ಆಮೇಲೆ ಐಡ್ಲಿಂಗ್ ಸ್ಕ್ರೂವಿನಿಂದ ವೇಗ ಇಳಿಸಿ.

ಎಷ್ಟು ತಿರುಗಿಸಿದರೂ ವ್ಯತ್ಯಾಸವೇ ಆಗದಿದ್ದರೆ ಪೈಲಟ್ ದಾರಿ ಇನ್ನೂ ಕಟ್ಟಿದೆ, ಅಥವಾ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಗ್ಯಾಸ್ಕೆಟಿನಲ್ಲಿ ಗಾಳಿ ನುಗ್ಗುತ್ತಿದೆ. ಸ್ಲೋದಲ್ಲಿ ಓಡುವಾಗ ಆ ಜೋಡಣೆಗೆ ಸೋಪು ನೀರು ಹನಿಸಿ, ಎಂಜಿನ್ ಸದ್ದು ಬದಲಾದರೆ ಸಂದಿ ಸಿಕ್ಕಿತು. ಇದಕ್ಕೆ ಪೆಟ್ರೋಲ್ ಹನಿಸುವುದನ್ನು ಕಂಡಿದ್ದರೆ ಮರೆತುಬಿಡಿ.

ಪ್ಲಗ್ ತೆಗೆದು ಕೊನೆಯ ತೀರ್ಪು ಕೇಳಿ. ತಿಳಿ ಕಂದು ಸರಿ, ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳಿ ಎಂದರೆ ಕಮ್ಮಿ. ಗ್ಯಾಪ್ ಹೆಚ್ಚಿನ ಮಾಡೆಲ್‌ಗಳಲ್ಲಿ 0.6–0.7 ಮಿ.ಮೀ.

ಪ್ರ: ನಿಲ್ಲಿಸಿದಲ್ಲಿ ಪೆಟ್ರೋಲ್ ಸೋರುತ್ತದೆ.

ಬೌಲಿಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ಫ್ಲೋಟ್ ನೀಡಲ್ ಕೂರುವಲ್ಲಿ ಕಸ ಸಿಕ್ಕಿದೆ, ಇಲ್ಲ ನೀಡಲ್ ತುದಿಯಲ್ಲಿ ಗೆರೆ ಬಿದ್ದಿದೆ, ಇಲ್ಲ ಫ್ಲೋಟ್ ತೂತಾಗಿದೆ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗೆ ಕುಲುಕಿದರೆ ಬದಲಿಸಿ. ಅಲ್ಲಿಯವರೆಗೆ ನಿಲ್ಲಿಸಿದಾಗೆಲ್ಲ ಕಾಕ್ ಮುಚ್ಚಿ. ಫೋರ್ ಸ್ಟ್ರೋಕ್ ಆದರೆ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ನೋಡಿ. ಮಟ್ಟ ಏರಿ, ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಎಂಜಿನ್ನಿನೊಳಗೆ ಇಳಿದಿದೆ. ಆ ತೆಳು ಎಣ್ಣೆಯಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಆಯಿಲ್ ಬದಲಿಸಿಯೇ ಸ್ಟಾರ್ಟ್ ಮಾಡಿ.

ಪ್ರ: ಟೂ ಸ್ಟ್ರೋಕ್‌ಗೆ ಆಯಿಲ್ ಎಷ್ಟು ಬೆರೆಸಬೇಕು?

ಟ್ಯಾಂಕಿನಲ್ಲೇ ಬೆರೆಸುವ ಗಾಡಿಗೆ ಸಾಮಾನ್ಯವಾಗಿ ಲೀಟರಿಗೆ 20 ಮಿ.ಲೀ. 2ಟಿ ಆಯಿಲ್, 5 ಲೀಟರಿಗೆ 100 ಮಿ.ಲೀ. ಬೇರೆ ಆಯಿಲ್ ಟ್ಯಾಂಕ್, ಪಂಪ್ ಇದ್ದರೆ ಬೆರೆಸುವುದು ಬೇಡ. ಬೆರೆಸಿದ ಆಯಿಲ್ ಪೆಟ್ರೋಲಿನೊಂದಿಗೇ ಒಳಹೋಗುವುದರಿಂದ ಉದ್ದ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುವಾಗ ಪಿಸ್ಟನ್ನಿಗೆ ಎಣ್ಣೆ ಸಾಲದಾಗುತ್ತದೆ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ.

ಪ್ರ: ಮಳೆಗಾಲದಲ್ಲಿ ಕೆಲವು ವಾರ ನಿಲ್ಲಿಸಿದರೆ ಮತ್ತೆ ಸ್ಟಾರ್ಟೇ ಆಗುವುದಿಲ್ಲ, ಯಾಕೆ?

ಈಗಿನ ಪೆಟ್ರೋಲಿನಲ್ಲಿ ಶೇ 20ರ ವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲೂ ನೀರೂ ಕೂಡಿ ತಳಕ್ಕೆ ಇಳಿಯುತ್ತವೆ, ಕಾಕ್ ಇರುವುದೂ ತಳದಲ್ಲೇ. ಹಳೆ ರಬ್ಬರ್, ಓ ರಿಂಗ್ ಕೂಡ ಊದಿಕೊಳ್ಳುತ್ತವೆ. ನಿಲ್ಲಿಸುವ ಮೊದಲು ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಉಳಿದುದನ್ನು ಡ್ರೈನ್ ಸ್ಕ್ರೂವಿನಲ್ಲಿ ಬಿಡಿ. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ತೇವದ ಗಾಳಿಗೆ ಜಾಗ ಇರುವುದಿಲ್ಲ, ತುಕ್ಕೂ ಹಿಡಿಯದು.

ಪ್ರ: ತೋಟದಲ್ಲಿ ಮಾತ್ರ ಓಡಿಸುವುದಾದರೂ ದಾಖಲೆ ಬೇಕೇ?

ಗೇಟು ದಾಟಿ ಪಂಚಾಯತು ರಸ್ತೆಗೆ ಇಳಿದರೆ ಆರ್‌ಸಿ, ಇನ್ಶೂರೆನ್ಸ್, ಫಿಟ್‌ನೆಸ್ ಎಲ್ಲ ಬೇಕು. ಬಾಡಿಗೆ ವರ್ಗದ ಗಾಡಿಗೆ ಎಂಟು ವರ್ಷ ಕಳೆದ ಮೇಲೆ ಪ್ರತಿ ವರ್ಷ ಫಿಟ್‌ನೆಸ್. ಹೆಸರು ಬದಲಿಸಲು ಫಾರ್ಮ್ 29, 30. ಮಂಗಳೂರು, ಪುತ್ತೂರು ಕಡೆಯಿಂದ ತಂದ ಕರ್ನಾಟಕದ ಗಾಡಿಗೆ ಅಲ್ಲಿಂದ ಫಾರ್ಮ್ 28ರಲ್ಲಿ ಎನ್‌ಒಸಿ ತರಬೇಕು. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳುವುದಾದರೆ ಕೇರಳದ ನಂಬರ್ ಮಾಡಿಸಲೇಬೇಕು.

ಪ್ರ: ಬಿಡಿಭಾಗ ತರುವಾಗ ಏನು ಗಮನಿಸಬೇಕು?

ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಎಂಜಿನ್ ನಂಬರ್ ಮತ್ತು ಗಾಡಿಯ ವರ್ಷ ಬರೆದಿಟ್ಟುಕೊಳ್ಳಿ. ನೋಡಲು ಒಂದೇ ತರಹದ ಕಾರ್ಬೊರೇಟರುಗಳಲ್ಲಿ ಜೆಟ್ ನಂಬರ್ ಬೇರೆ ಇರುತ್ತದೆ. ಜೆಟ್ಟಿನ ಮೇಲೆ ಕೊರೆದ ಅಂಕಿ ಓದಿ, ಅದೇ ಅಂಕಿಯದ್ದನ್ನೇ ಕೇಳಿ. ಅಗ್ಗದ ರಿಪೇರಿ ಕಿಟ್ಟಿನಲ್ಲಿ ಗ್ಯಾಸ್ಕೆಟ್, ಓ ರಿಂಗ್ ಮಾತ್ರ ಬಳಸಿ, ನಿಮ್ಮ ಹಳೆ ಜೆಟ್ ಗೀರಿಲ್ಲದೆ ಇದ್ದರೆ ಅದನ್ನೇ ತೊಳೆದು ಹಾಕುವುದು ಮೇಲು. ಬಾಲ್ ರೇಸನ್ನು ಅಂಗಡಿಯಲ್ಲೇ ಬಿಚ್ಚಿ ಗುಂಡಿನ ಲೆಕ್ಕ ಸರಿ ಇದೆಯೋ ನೋಡಿ ತನ್ನಿ.